ದಿವಾನ್ ಮಿರ್ಜಾ ಇಸ್ಮಾಯಿಲರ ಜೀವಿತ

ಹೊನ್ನವಳ್ಳಿಯೂ ಅದರ ಸುತ್ತಣ ತೆಂಗಿನ ಸೀಮೆಯೂ ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, ದಸರೆ ಬಂತೆಂದರೆ ತಾಲ್ಲೂಕುಗಳ ಪ್ರತಿನಿಧಿಗಳು ಮೈಸೂರಿನ ಪ್ರಜಾಪ್ರತಿನಿಧಿ ಸಭೆಗೆ ಹೋಗಿ, ಕೆರೆ, ರಸ್ತೆ, ಕಂದಾಯಗಳ ಅಹವಾಲುಗಳನ್ನು ದಿವಾನರ ಮುಂದೆ ಅರಿಕೆಮಾಡಿಕೊಳ್ಳುವದು ವಾಡಿಕೆಯಾಗಿತ್ತು. 1926ರಿಂದ 1941ರ ವರೆಗೆ ಆ ಅರಿಕೆಗಳನ್ನು ಕೇಳಿದವರು ಸರ್ ಮಿರ್ಜಾ ಇಸ್ಮಾಯಿಲರು.

ಇವರು 1883ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದರು. ಇವರ ಅಜ್ಜ ಅಲಿ ಅಸ್ಕರರು ಪಾರಸಿಕ ದೇಶದಿಂದ ಬಂದು ಕುದುರೆಯ ವ್ಯಾಪಾರ ಮಾಡಿದವರು. ಬಾಲಕ ಮಿರ್ಜಾರು ಎಳೆಯ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾದರು. ಆ ಸ್ನೇಹವು ಕಡೆಯ ತನಕ ಉಳಿಯಿತು. ಪೊಲೀಸ್ ಇಲಾಖೆಯಲ್ಲಿ ಸೇವೆ ಆರಂಭಿಸಿ, ಮಹಾರಾಜರ ಆಪ್ತ ಕಾರ್ಯದರ್ಶಿಯಾಗಿ, ಕೊನೆಗೆ ದಿವಾನಗಿರಿಗೆ ಏರಿದರು.

ಅವರ ಆಳ್ವಿಕೆಯಲ್ಲಿ ಕಾವೇರಿಯ ನಾಲೆಯ ನೀರು ಮಂಡ್ಯದ ಒಣನೆಲಕ್ಕೆ ಹರಿದು, 1933ರಲ್ಲಿ ಅಲ್ಲಿ ಸಕ್ಕರೆಯ ಕಾರ್ಖಾನೆ ಎದ್ದಿತು. ಹಳ್ಳಿಗಳಿಗೂ ವಿದ್ಯುದ್ದೀಪ ಬಂದಿತು. ಮುಂಜಾನೆಯೇ ಹೊರಟು ಬೀದಿ, ಚರಂಡಿ, ಪೇಟೆಗಳನ್ನು ತಾವೇ ನೋಡುವದು ಅವರ ಪದ್ಧತಿಯಾಗಿತ್ತು.

ಆದರೆ ಪ್ರಜೆಗಳು ಅಹವಾಲು ಹೇಳುವದಷ್ಟೇ ಸಾಲದು, ಅಧಿಕಾರವೂ ತಮ್ಮ ಕೈಗೆ ಬರಬೇಕೆಂದು ಕೇಳಿದಾಗ ದಿವಾನರು ಒಪ್ಪಲಿಲ್ಲ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಕಾಂಗ್ರೆಸಿನ ಧ್ವಜವನ್ನು ಏರಿಸಲು ಕೂಡಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಲು, ಹಲವರು ಪ್ರಾಣಬಿಟ್ಟರು. ಬಳಿಕ ವಲ್ಲಭಭಾಯಿ ಪಟೇಲರು ಬಂದು ಮಾತನಾಡಿದ ಮೇಲೆ ಧ್ವಜಕ್ಕೆ ಅನುಮತಿ ದೊರೆಯಿತು. ಜವಾಬ್ದಾರಿ ಸರಕಾರವು ಮಾತ್ರ 1947ರ ತನಕ ದೊರೆಯಲಿಲ್ಲ.

ಮಹಾರಾಜರು 1940ರಲ್ಲಿ ಗತಿಸಿದರು. ಮರುವರುಷ ಮಿರ್ಜಾರು ಪದವಿಯನ್ನು ಬಿಟ್ಟರು. ಆ ಮೇಲೆ ಜಯಪುರದಲ್ಲಿಯೂ, ಸ್ವಲ್ಪ ಕಾಲ ಹೈದರಾಬಾದಿನಲ್ಲಿಯೂ ಪ್ರಧಾನಮಂತ್ರಿಯಾಗಿದ್ದರು. ದೇಶವಿಭಜನೆಯನ್ನು ಅವರು ಮೆಚ್ಚಲಿಲ್ಲ. ಹೈದರಾಬಾದಿನಲ್ಲಿ ವಿರೋಧವು ಬಲವಾಗಲು 1947ರಲ್ಲಿ ಆ ಪದವಿಯನ್ನೂ ತ್ಯಜಿಸಿದರು.

ದಿವಾನರಾಗಿದ್ದಾಗಲೇ, 1937ರಲ್ಲಿ, ಗ್ರಾಮನೈರ್ಮಲ್ಯದ ಅಂತರರಾಷ್ಟ್ರೀಯ ಸಮ್ಮೇಳನಕ್ಕಾಗಿ ಅವರು ಭಾರತದ ನಿಯೋಗದೊಡನೆ ಜಾವಾ ದ್ವೀಪಕ್ಕೆ ಹೋಗಿದ್ದರು. 1950ರಲ್ಲಿ ವಿಶ್ವಸಂಸ್ಥೆಯು ಅವರನ್ನು ತಾಂತ್ರಿಕ ನೆರವಿನ ಪ್ರತಿನಿಧಿಯಾಗಿ, ಆಗತಾನೇ ಸ್ವತಂತ್ರವಾಗಿದ್ದ ಇಂಡೋನೇಷ್ಯಾಕ್ಕೆ ಕಳುಹಿಸಿತು. ಪೊಲೀಸರೂ ಆಜ್ಞೆಯೂ ಜೊತೆಗಿದ್ದ ದಿವಾನರಿಗೆ ಇಲ್ಲಿ ಎರಡೂ ಇರಲಿಲ್ಲ. ತಮ್ಮದಲ್ಲದ ನಾಡಿನಲ್ಲಿ, ಆ ಜನರು ಕೇಳಿದ ಸಹಾಯವನ್ನು ಒದಗಿಸುವದೇ ಅವರ ಕೆಲಸವಾಗಿತ್ತು.

1959ರ ಜನವರಿ 5ರಂದು ಅವರು ಬೆಂಗಳೂರಿನಲ್ಲಿ ತೀರಿಕೊಂಡರು.

ಪ್ರಿಯ ವಾಚಕರೇ, ಕೊಬ್ಬರಿಯ ತೂಕ ಬಲ್ಲ ನಮ್ಮ ಸೀಮೆಯವರು ಇವರನ್ನೂ ನ್ಯಾಯವಾಗಿ ತೂಗಬೇಕು. ನಾಲೆ, ದೀಪ, ಶುಚಿಯಾದ ಬೀದಿಗಳು ಒಂದು ತಟ್ಟೆಯಲ್ಲಿರಲಿ. ವಿದುರಾಶ್ವತ್ಥದಲ್ಲಿ ಮಡಿದವರನ್ನು ಇನ್ನೊಂದರಲ್ಲಿ ಮರೆಯದಿರೋಣ.