ಮಂತ್ರಿ ಮಹಮೂದ್ ಗವಾನ್

ಔರಾದ ಕಡೆಯ ಹಳ್ಳಿಯೊಂದರಿಂದ ಬಂದು ಬೀದರಿನಲ್ಲಿ ಬಿ.ಎ. ಓದುತ್ತಿರುವವನು ನಾನು. ನಮ್ಮ ತಂದೆಯವರಿಗೆ ಅಕ್ಷರ ಬಾರದು. ವರ್ಷಕ್ಕೊಮ್ಮೆ ಮನೆಯ ಕರದ ರಶೀದಿಯನ್ನು ನನ್ನ ಮುಂದಿಟ್ಟು, ಇಷ್ಟು ಹಣ ಏಕೆ, ಅದು ಹೋಗುವುದೆಲ್ಲಿಗೆ ಎಂದು ಕೇಳುತ್ತಾರೆ. ಈ ಪ್ರಶ್ನೆಯನ್ನು ತಲೆಯಲ್ಲಿ ಹೊತ್ತು ಓದುತ್ತಿದ್ದಾಗ ನನಗೆ ಹತ್ತಿರದವನಾಗಿ ಕಂಡವನು ಬಹಮನಿ ರಾಜ್ಯದ ಮಂತ್ರಿ ಮಹಮೂದ್ ಗವಾನ್.

ಈತನು ಸುಮಾರು 1411ರಲ್ಲಿ ಪರ್ಶಿಯಾದ ಗೀಲಾನ ಪ್ರಾಂತದಲ್ಲಿ ಹುಟ್ಟಿದನು. ವರ್ತಕನಾಗಿ ಹಲವು ನಾಡು ಸುತ್ತಿ, 1453ರ ಸುಮಾರಿಗೆ ದಾಭೋಳ ಬಂದರಿನಲ್ಲಿ ಇಳಿದು ಬೀದರಿಗೆ ಬಂದನು. ಬಂದದ್ದು ವ್ಯಾಪಾರಕ್ಕೆ, ಉಳಿದದ್ದು ಆಳುವುದಕ್ಕೆ! 1461ರಲ್ಲಿ ಸುಲ್ತಾನ ಹುಮಾಯೂನನು ತೀರಿಕೊಂಡು ಬಾಲಕರು ಪಟ್ಟವೇರಿದಾಗ, ರಾಜಮಾತೆಯೊಡನೆ ರಾಜ್ಯದ ಭಾರ ಹೊತ್ತವರಲ್ಲಿ ಈತನೂ ಒಬ್ಬನು. ಮುಂದೆ ಮೂರನೆಯ ಮುಹಮ್ಮದ ಶಹನ ಪ್ರಧಾನ ಮಂತ್ರಿಯಾಗಿ 1472ರಲ್ಲಿ ಗೋವೆಯನ್ನು ಗೆದ್ದನು.

ಆದರೆ ನನಗೆ ಯುದ್ಧಗಳಿಗಿಂತ ಆತನ ಲೆಕ್ಕವೇ ದೊಡ್ಡದಾಗಿ ತೋರುತ್ತದೆ. ಆಗ ರಾಜ್ಯದಲ್ಲಿ ನಾಲ್ಕು ಪ್ರಾಂತಗಳಿದ್ದವು. ಒಂದೊಂದರ ಅಧಿಕಾರಿಯೂ ಅರ್ಧ ಅರಸನೇ. ಗವಾನನು ನಾಲ್ಕನ್ನು ಎಂಟು ಮಾಡಿದನು. ಒಬ್ಬ ಅಧಿಕಾರಿಯ ಕೈಯಲ್ಲಿ ಒಂದೇ ಕೋಟೆ ಉಳಿಯಿತು. ಪ್ರತಿ ಪ್ರಾಂತದಲ್ಲಿಯೂ ಕೆಲವು ಊರುಗಳ ಉತ್ಪನ್ನ ನೇರವಾಗಿ ಬೊಕ್ಕಸಕ್ಕೆ ಬರತೊಡಗಿತು. ಸೈನಿಕರನ್ನು ಇಡದೆ ಅವರ ಹೆಸರಿನ ಹಣ ನುಂಗಿದ ಸರದಾರರು ಅದನ್ನು ಹಿಂದಿರುಗಿಸಬೇಕಾಯಿತು. ಭೂಮಿಯನ್ನು ಅಳೆಸಿ, ಊರೂರಿನ ಎಲ್ಲೆ ಗುರುತಿಸಿ, ಅದರ ಮೇಲೆ ಕಂದಾಯ ಕಟ್ಟಿಸಿದನು. ಅಳತೆಯಿಲ್ಲದ ಕರ ಬಲವಂತನ ಇಷ್ಟದಂತೆ ನಡೆಯುತ್ತದೆ. ಅಳತೆ ಬಂದ ಮೇಲೆ ಅದಕ್ಕೊಂದು ಲೆಕ್ಕ ಬರುತ್ತದೆ. ಗವಾನನು ಇದನ್ನು ಬಲ್ಲವನಾಗಿದ್ದನು.

ಭಾಲ್ಕಿಯಿಂದ ರೈಲಿನಲ್ಲಿ, ಔರಾದಿನಿಂದ ಬಸ್ಸಿನಲ್ಲಿ ಬರುವ ನಾವೆಲ್ಲ ನೋಡಿರುವ ಮದರಸಾ 1472ರಲ್ಲಿ ಆತನು ಕಟ್ಟಿಸಿದ್ದು. ಮೂರು ಅಂತಸ್ತಿನ ಆ ವಿದ್ಯಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದುವೆಂದು ಹೇಳುತ್ತಾರೆ. ಔರಂಗಜೇಬನ ಕಾಲದಲ್ಲಿ ಮದ್ದು ಸಿಡಿದು ಮುಂಭಾಗ ಕುಸಿಯಿತು; ಉಳಿದ ಒಂದು ಮಿನಾರದ ಹಸಿರು ನೀಲಿ ಹೆಂಚುಗಳು ಇಂದಿಗೂ ಹೊಳೆಯುತ್ತವೆ.

ಹಾಗೆಂದು ಆ ಕಾಲವನ್ನು ಸ್ವರ್ಗವೆನ್ನಲಾರೆ. ಅದೇ ದಿನಗಳಲ್ಲಿ ಬೀದರಿಗೆ ಬಂದಿದ್ದ ರಷ್ಯದ ವರ್ತಕ ನಿಕಿತಿನನು, ಸರದಾರರ ವೈಭವವನ್ನೂ ಹಳ್ಳಿಗರ ಕಡುಬಡತನವನ್ನೂ ಒಟ್ಟಿಗೆ ಕಂಡು ಬರೆದಿಟ್ಟಿದ್ದಾನೆ. ಹೊಲ ಅಳೆದರು, ನಿಜ. ಆದರೆ ಕಂದಾಯ ಎಷ್ಟೆಂದು ರೈತನನ್ನು ಯಾರೂ ಕೇಳಲಿಲ್ಲ.

ಲೆಕ್ಕ ಕೇಳಿದವನಿಗೆ ಶತ್ರುಗಳು ತಪ್ಪಿದ್ದಲ್ಲ. ಅಧಿಕಾರ ಕಳೆದುಕೊಂಡ ಸರದಾರರು ಆತನ ಮುದ್ರೆಯನ್ನು ಮೋಸದಿಂದ ಒತ್ತಿಸಿಕೊಂಡು, ಒರಿಸ್ಸಾದ ಅರಸನನ್ನು ದಂಡೆತ್ತಿ ಬರಲು ಕರೆದಂತೆ ಸುಳ್ಳು ಪತ್ರ ಬರೆದರು. ಸುಲ್ತಾನನು ವಿಚಾರಿಸಲಿಲ್ಲ. 1481ರ ಏಪ್ರಿಲ್ 5ರಂದು ಕೊಂಡಪಲ್ಲಿಯ ಬೀಡಿನಲ್ಲಿ ಎಪ್ಪತ್ತರ ಮುದುಕನ ತಲೆ ಉರುಳಿತು. ಆತನ ಸಂಪತ್ತನ್ನು ವಶಪಡಿಸಿಕೊಳ್ಳಲು ಹೋದವರಿಗೆ ಸಿಕ್ಕಿದ್ದು ಅತ್ಯಲ್ಪ. ಬಂದುದನ್ನು ಸೈನ್ಯಕ್ಕೂ ಬಡವರಿಗೂ ವೆಚ್ಚ ಮಾಡಿ, ತನ್ನ ಹೊಟ್ಟೆಗೆ ತನ್ನ ವ್ಯಾಪಾರದ ಲಾಭವನ್ನೇ ನೆಚ್ಚಿದ್ದನೆಂದು ಇತಿಹಾಸಕಾರ ಫೆರಿಷ್ತಾ ಹೇಳುತ್ತಾನೆ. ಮರುವರ್ಷವೇ ಸುಲ್ತಾನನೂ ತೀರಿಕೊಂಡನು. ಬಹಮನಿ ರಾಜ್ಯ ಒಡೆದು ಐದಾಯಿತು.

ಈಗ ಬೀದರ, ಭಾಲ್ಕಿ, ಔರಾದಗಳಲ್ಲಿ ಕರ ಕಟ್ಟುವವರು ಪ್ರಜೆಗಳು. ನಗರ, ಪಟ್ಟಣ, ಗ್ರಾಮ ಯಾವುದೇ ಇರಲಿ, ತಮ್ಮ ಪ್ರತಿನಿಧಿಗಳನ್ನು ತಾವೇ ಆರಿಸುತ್ತಾರೆ. ನೀರಿಗೆಷ್ಟು, ದೀಪಕ್ಕೆಷ್ಟು, ಚರಂಡಿಗೆಷ್ಟು ಎಂಬ ಆಯವ್ಯಯ ವರ್ಷವರ್ಷವೂ ಅವರ ಮುಂದೆ ಬರುತ್ತದೆ. ಗವಾನನ ಕಾಲದ ರೈತನಿಗೆ ಇಲ್ಲದ ಹಕ್ಕು ನಮ್ಮ ತಂದೆಯವರಿಗಿದೆ. ಇಲ್ಲದಿರುವುದು ಅದನ್ನು ಓದುವ ಕಣ್ಣು ಮಾತ್ರ. ಆ ಕಣ್ಣು ನಾವಾಗದಿದ್ದರೆ ನಮ್ಮ ಪದವಿಯಿಂದ ಊರಿಗೇನು ಲಾಭ?

ರಜೆಗೆ ಊರಿಗೆ ಹೋದಾಗ ಈ ಬಾರಿ ರಶೀದಿಯನ್ನಷ್ಟೇ ಓದಿ ಸುಮ್ಮನಾಗಲಾರೆ. ತಂದೆಯವರನ್ನು ಕರೆದುಕೊಂಡು ಗ್ರಾಮಸಭೆಗೆ ಹೋಗಿ, ಹಣ ಹೋದದ್ದೆಲ್ಲಿಗೆ ಎಂಬ ಅವರ ಪ್ರಶ್ನೆಯನ್ನು ಅಲ್ಲಿಯೇ ಕೇಳಬೇಕೆಂದಿದ್ದೇನೆ.