ಹುಳ ಸಾಕಿದ ಫಾರೆಸ್ಟ್ ಸಾಹೇಬ

ಹೋದ ಮಳೆಗಾಲದಲ್ಲಿ ನಾವು ಒಂದು ಹುಳ ಕೊಂದೆವು. ಬೇಕು ಅಂತ ಅಲ್ಲ, ಕಾಳಜಿ ಜಾಸ್ತಿಯಾಗಿ. ಈ ಲೇಖನದ ಮನುಷ್ಯ ನಮಗೆ ಪರಿಚಯ ಆಗಿದ್ದು ಆ ತಪ್ಪಿನಿಂದಲೇ, ಹಾಗಾಗಿ ಅಲ್ಲಿಂದಲೇ ಶುರು ಮಾಡ್ತೀವಿ.

ನಾವು ಅಂದ್ರೆ ಮೂರು ಜನ. ಒಬ್ಬ ದಾಂಡೇಲಿ, ಒಬ್ಬ ಜೋಯಿಡಾ, ಇನ್ನೊಬ್ಬ ಹಳಿಯಾಳ. ಹಳಿಯಾಳದ ಮನೆಗೆ ಹಿತ್ತಲಿದೆ, ಅದಕ್ಕೇ ರಜೆ ಬಂದ್ರೆ ಎಲ್ಲರೂ ಅಲ್ಲೇ. ನಮ್ಮ ಹತ್ರ ಇದ್ದದ್ದು ಒಂದು ಹಳೇ ಕ್ಯಾಮೆರಾ. ಮ್ಯಾಕ್ರೋ ಲೆನ್ಸ್ ಕೊಳ್ಳುವಷ್ಟು ದುಡ್ಡಿಲ್ಲ. ಕ್ಯಾಮೆರಾ ಜೊತೆ ಬಂದ ಲೆನ್ಸನ್ನೇ ಉಲ್ಟಾ ಮಾಡಿ ಕೂರಿಸುವ ಒಂದು ರಿಂಗ್ ಸಿಗುತ್ತೆ, ಅದನ್ನ ತರಿಸಿಕೊಂಡಿದ್ವಿ. ಫ್ಲ್ಯಾಶಿನ ಬೆಳಕು ಮೆತ್ತಗಾಗಲಿ ಅಂತ ಮುಂದೆ ಥರ್ಮೋಕೋಲ್ ತುಂಡು. ಇಷ್ಟೇ ನಮ್ಮ ಸ್ಟುಡಿಯೋ.

ಹಿತ್ತಲ ನಂದಿಬಟ್ಟಲು ಗಿಡದಲ್ಲಿ ಬೆರಳು ದಪ್ಪದ ಹಸಿರು ಹುಳ ಸಿಕ್ತು. ನಾವು ಎಲ್ಲದಕ್ಕೂ ಕಂಬಳಿಹುಳ ಅಂದುಬಿಡ್ತೀವಿ, ಆದರೆ ಇದಕ್ಕೆ ಮೈಮೇಲೆ ಒಂದು ಕೂದಲೂ ಇಲ್ಲ. ತಲೆಯ ಹಿಂದೆ ಎರಡು ನೀಲಿ ಕಣ್ಣು. ಅವು ನಿಜವಾದ ಕಣ್ಣಲ್ಲ, ಹಕ್ಕಿಯನ್ನ ಹೆದರಿಸೋ ವೇಷ. ಇಷ್ಟು ಹತ್ತಿರದಿಂದ ಫೋಟೋ ತೆಗೆಯುವಾಗ ಫೋಕಸ್ ಆಗುವ ಜಾಗದ ದಪ್ಪ ಒಂದು ಮಿಲಿಮೀಟರ್ ಕೂಡ ಇರಲ್ಲ. ಗಾಳಿ ಬೀಸಿದ್ರೆ ಮುಗೀತು. ಎರಡು ದಿನ ಕೂತು ಒಂದು ಒಳ್ಳೇ ಫೋಟೋ ತೆಗೆದ್ವಿ.

ಮೂರನೇ ದಿನ ಹುಳ ಗಿಡದಲ್ಲಿರಲಿಲ್ಲ. ಕೆಳಗೆ ನೆಲದ ಮೇಲೆ ಅವಸರದಲ್ಲಿ ಹೋಗ್ತಿತ್ತು, ಹಸಿರು ಹೋಗಿ ಮೈ ಕಂದಾಗಿತ್ತು. ಪಾಪ, ಹುಷಾರಿಲ್ಲ, ಗಿಡದಿಂದ ಬಿದ್ದಿದೆ ಅಂದ್ಕೊಂಡ್ವಿ. ತೊಳೆದ ಪ್ಲಾಸ್ಟಿಕ್ ಡಬ್ಬಿ ತಂದು, ಮುಚ್ಚಳಕ್ಕೆ ತೂತು ಮಾಡಿ, ತಾಜಾ ಎಲೆ ಹಾಕಿ ಒಳಗಿಟ್ವಿ. ಅದು ಎಲೆ ಮುಟ್ಟಲಿಲ್ಲ. ಡಬ್ಬಿಯ ಅಂಚಿಗೆ ಸುತ್ತು ಹಾಕ್ತಾನೇ ಇತ್ತು. ಕೆಲವು ದಿನ ಬಿಟ್ಟು ನೋಡಿದ್ರೆ ಸತ್ತಿತ್ತು.

ಆಮೇಲೆ ಗೊತ್ತಾಯ್ತು, ಅದಕ್ಕೆ ಏನೂ ಆಗಿರಲಿಲ್ಲ. ಈ ಹುಳ ಬೆಳೆದು ಮುಗಿದಾಗ ಬಣ್ಣ ಬದಲಿಸುತ್ತೆ, ಗಿಡ ಇಳಿಯುತ್ತೆ, ಒಣಗಿದ ಎಲೆ ಮಣ್ಣಿನ ಅಡಿಯಲ್ಲಿ ಜಾಗ ಹುಡುಕಿ ಕೋಶ ಕಟ್ಟುತ್ತೆ. ಅದಕ್ಕೆ ಬೇಕಾಗಿದ್ದು ಒಂದು ಹಿಡಿ ಮಣ್ಣು, ನಾವು ಕೊಟ್ಟಿದ್ದು ತೊಳೆದ ಡಬ್ಬಿ. ಇದನ್ನೆಲ್ಲ ಓದ್ತಾ ಹೋದಾಗ ಈ ಜಾತಿಯ ಪತಂಗಗಳ ಬಗ್ಗೆ 1937ರಲ್ಲಿ ಬಂದ ಒಂದು ದೊಡ್ಡ ಪುಸ್ತಕದ ಹೆಸರು ಮತ್ತೆ ಮತ್ತೆ ಎದುರಾಯ್ತು. ಬರೆದವರು ಇಬ್ಬರು, ಟಿ. ಆರ್. ಡಿ. ಬೆಲ್ ಮತ್ತು ಮೇಜರ್ ಎಫ್. ಬಿ. ಸ್ಕಾಟ್. ಆ ಬೆಲ್ ಎಲ್ಲಿಯವರು ಅಂತ ನೋಡಿದ್ರೆ, ಕಾರವಾರ! ಕಾಳಿ ನದಿ ಹುಟ್ಟೋದು ಜೋಯಿಡಾದಲ್ಲಿ, ದಾಂಡೇಲಿ ದಾಟಿ ಸಮುದ್ರ ಸೇರೋದು ಕಾರವಾರದಲ್ಲಿ. ನಾವು ಹೊಳೆಯ ಮೇಲಿನವರು, ಅವರು ಹೊಳೆಯ ಬಾಯಲ್ಲಿದ್ದವರು.

ಥಾಮಸ್ ರೀಡ್ ಡೇವಿಸ್ ಬೆಲ್ ಹುಟ್ಟಿದ್ದು 1863ರಲ್ಲಿ, ಐರ್ಲೆಂಡಿನ ಕಾರ್ಕ್ ಕಡೆಯ ಬ್ಯಾಂಡನ್ ಅನ್ನೋ ಊರಲ್ಲಿ. ಹರೆಯದಲ್ಲೇ ಇಂಡಿಯಾಕ್ಕೆ ಬಂದು ಬಾಂಬೆ ಪ್ರಾಂತ್ಯದ ಅರಣ್ಯ ಇಲಾಖೆ ಸೇರಿದರು. ಆಗ ನಮ್ಮ ಜಿಲ್ಲೆಗೆ ಉತ್ತರ ಕೆನರಾ ಅಂತ ಹೆಸರು, ಬಾಂಬೆಗೆ ಸೇರಿತ್ತು. ಹಳಿಯಾಳ ಆಗಲೂ ಇತ್ತು. ಜೋಯಿಡಾಕ್ಕೆ ಬದಲು ಸೂಪಾ ತಾಲ್ಲೂಕು ಇತ್ತು, ಆ ಸೂಪಾ ಊರು ಈಗ ಅಣೆಕಟ್ಟಿನ ನೀರಿನ ಅಡಿಯಲ್ಲಿದೆ. ದಾಂಡೇಲಿ ಅಂದ್ರೆ ಆಗ ಪೇಪರ್ ಮಿಲ್ ಅಲ್ಲ, ಬರೀ ಸಾಗವಾನಿ ಕಾಡು.

ಬೆಲ್ ಹುಳದ ಹುಚ್ಚು ಹಿಡಿಸಿಕೊಂಡದ್ದು ಗೆಳೆತನದಿಂದ. ಕಾರವಾರದಲ್ಲಿ ಆಗ ಜೇಮ್ಸ್ ಡೇವಿಡ್ಸನ್ ಕಲೆಕ್ಟರ್. ಕಸ್ಟಮ್ಸ್ ಮತ್ತು ಉಪ್ಪಿನ ಇಲಾಖೆಯಲ್ಲಿ ಎಡ್ವರ್ಡ್ ಹ್ಯಾಮಿಲ್ಟನ್ ಏಟ್ಕನ್. ಏಟ್ಕನ್ ಹುಟ್ಟಿದ್ದು ಸತಾರದಲ್ಲಿ, 1883ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಕಟ್ಟಿದವರಲ್ಲಿ ಒಬ್ಬರು. ಬಂಗಲೆಯ ಕಾಂಪೌಂಡಿನಲ್ಲಿ ಓಡಾಡುವ ಇರುವೆ, ಹಲ್ಲಿ, ಕಾಗೆಗಳ ಮೇಲೆ ನಗಿಸುವ ಹಾಗೆ ಪುಸ್ತಕ ಬರೆದು ಆ ಕಾಲಕ್ಕೆ ದೊಡ್ಡ ಹೆಸರು ಮಾಡಿದ್ದರು. ಒಂದು ಅನಾಫಿಲಿಸ್ ಸೊಳ್ಳೆಗೂ ಅವರ ಹೆಸರಿದೆ. ಸೊಳ್ಳೆಗೆ ನಮ್ಮ ಹೆಸರಿಟ್ಟರೆ ಖುಷಿಪಡಬೇಕೋ ಬೇಡವೋ ಅಂತ ನಮ್ಮಲ್ಲಿ ಒಂದು ಸಂಜೆಯೆಲ್ಲ ಜಗಳ ಆಯ್ತು.

ಈ ಮೂವರು ಸೇರಿ 1896–97ರಲ್ಲಿ ಆ ಸೊಸೈಟಿಯ ಪತ್ರಿಕೆಯಲ್ಲಿ ಉತ್ತರ ಕೆನರಾ ಜಿಲ್ಲೆಯ ಚಿಟ್ಟೆಗಳ ಬಗ್ಗೆ ಕಂತುಗಳಲ್ಲಿ ಬರೆದರು. ನಮ್ಮ ಮಟ್ಟಿಗೆ ಬೆಲ್ ಜೀವನದ ಮುಖ್ಯ ಘಟನೆ ಇದೇ, ಆಮೇಲಿನ ಪ್ರಮೋಷನ್ನುಗಳಲ್ಲ. ಯಾಕಂದ್ರೆ ಆ ಕಾಲದ ಬಹಳ ಜನಕ್ಕೆ ಚಿಟ್ಟೆ ಅಂದ್ರೆ ಬಲೆ, ಸೂಜಿ, ಗಾಜಿನ ಪೆಟ್ಟಿಗೆ. ರೆಕ್ಕೆ ಹರಿಯದೆ ಪೆಟ್ಟಿಗೆ ಸೇರಿದರೆ ಕೆಲಸ ಮುಗೀತು. ಈ ಮೂವರೂ ಪಿನ್ನು ಚುಚ್ಚಿದವರೇ, ಇಲ್ಲ ಅನ್ನಲ್ಲ. ಆದರೆ ಅವರು ಹಿಂದಕ್ಕೂ ಹೋದರು. ಈ ಚಿಟ್ಟೆ ಮೊಟ್ಟೆ ಇಡೋದು ಯಾವ ಗಿಡದ ಮೇಲೆ, ಹುಳ ತಿನ್ನೋದು ಚಿಗುರೋ ಬಲಿತ ಎಲೆಯೋ, ಪೊರೆ ಬಿಟ್ಟ ಹಾಗೆ ಬಣ್ಣ ಹೇಗೆ ಬದಲಾಗುತ್ತೆ, ಕೋಶ ನೇತಾಡುತ್ತೋ ಅಂಟಿಕೊಂಡಿರುತ್ತೋ. ಇದಕ್ಕೆಲ್ಲ ಉತ್ತರ ಬೇಕು ಅಂದ್ರೆ ಇರೋದು ಒಂದೇ ದಾರಿ. ಹುಳ ತಂದು, ಅದರದೇ ಎಲೆ ದಿನಾ ಹಾಕಿ, ಹಿಕ್ಕೆ ಗುಡಿಸಿ, ಸಾಕಬೇಕು. ಒಬ್ಬ ಕಲೆಕ್ಟರ್, ಒಬ್ಬ ಕಸ್ಟಮ್ಸ್ ಆಫೀಸರ್, ಒಬ್ಬ ಫಾರೆಸ್ಟ್ ಸಾಹೇಬ ಸಂಜೆ ಕೂತು ಹುಳಕ್ಕೆ ಎಲೆ ಬದಲಿಸೋದನ್ನ ಸ್ವಲ್ಪ ಕಲ್ಪಿಸಿಕೊಳ್ಳಿ.

ಅವರು ನೋಡಿದ ಎಷ್ಟೋ ಹುಳ ನಿಮ್ಮ ಹಿತ್ತಲಲ್ಲೇ ಇವೆ. ಕರಿಬೇವು, ನಿಂಬೆ ಗಿಡದ ಎಲೆಯ ಮೇಲೆ ಹಕ್ಕಿ ಹಿಕ್ಕೆ ಬಿದ್ದ ಹಾಗೆ ಕಾಣೋದನ್ನ ಸುಮ್ಮನೆ ಒರೆಸಬೇಡಿ, ಅದು ಕಪ್ಪು ರೆಕ್ಕೆಯ ದೊಡ್ಡ ಚಿಟ್ಟೆಯ ಮರಿ ಇರಬಹುದು. ಬೆಳೆದ ಮೇಲೆ ಹಸಿರಾಗುತ್ತೆ. ಮುಟ್ಟಿದರೆ ತಲೆಯ ಹಿಂದಿನಿಂದ ಕೊಂಬಿನ ಥರ ಒಂದು ಅಂಗ ಹೊರಗೆ ಬಂದು ಘಾಟು ವಾಸನೆ ಬಿಡುತ್ತೆ. ದಾಸವಾಳಕ್ಕೆ ಬಿಳಿ ಹಿಟ್ಟುತಿಗಣೆ ಹತ್ತಿದ್ದರೆ ಇನ್ನೂ ಮಜಾ. ಅದರ ನಡುವೆ ಮೈಗೆ ಬಿಳಿ ಪುಡಿ ಮೆತ್ತಿಕೊಂಡ ಒಂದು ಮರಿಹುಳ ಇರಬಹುದು, ಅದು ಎಲೆ ತಿನ್ನಲ್ಲ, ಹಿಟ್ಟುತಿಗಣೆಯನ್ನೇ ತಿನ್ನುತ್ತೆ. ಅದರ ಕೋಶವನ್ನ ಮ್ಯಾಕ್ರೋದಲ್ಲಿ ನೋಡಿದ್ರೆ ಥೇಟ್ ಮಂಗನ ಮುಖ. ಇದರ ಮರಿಹುಳ ಮತ್ತು ಕೋಶದ ಬಗ್ಗೆ ಏಟ್ಕನ್ 1894ರಲ್ಲೇ ಬರೆದಿದ್ದಾರೆ.

ಇನ್ನು ಜಿಲ್ಲೆಯ ಅದೃಷ್ಟ. ಕಾರವಾರದಲ್ಲಿ ಸಮುದ್ರ, ಜೋಯಿಡಾದಲ್ಲಿ ಜಿಗಣೆ ಹತ್ತುವ ಘಟ್ಟದ ಕಾಡು, ಹಳಿಯಾಳ ದಾಂಡೇಲಿಯಲ್ಲಿ ಬೇಸಿಗೆಗೆ ಎಲೆ ಉದುರಿಸುವ ಸಾಗವಾನಿ ಬಿದಿರು, ಮುಂಡಗೋಡಕ್ಕೆ ಬಂದ್ರೆ ಗದ್ದೆ, ಕೆರೆ, ಬಯಲು. ಬಸ್ಸಲ್ಲಿ ಒಂದೇ ದಿನ ಇಷ್ಟೂ ನೋಡಬಹುದು. ಗಿಡ ಬದಲಾದ ಹಾಗೆ ಹುಳ ಬದಲು. ಬೆಲ್ ಇದನ್ನ ಬಸ್ಸಲ್ಲಿ ನೋಡಲಿಲ್ಲ. ಫಾರೆಸ್ಟ್ ಸಾಹೇಬರು ವರ್ಷದಲ್ಲಿ ತಿಂಗಳುಗಟ್ಟಲೆ ಡೇರೆ ಹಾಕ್ಕೊಂಡು ಕಾಡು ಸುತ್ತಬೇಕಿದ್ದ ಕಾಲ ಅದು.

ಡೇವಿಡ್ಸನ್ ರಿಟೈರ್ ಆಗಿ ಸ್ಕಾಟ್ಲೆಂಡಿಗೆ ಹೋದರು. ಏಟ್ಕನ್ 1909ರಲ್ಲಿ ತೀರಿಕೊಂಡರು. ಅದೇ ವರ್ಷ ಬೆಲ್ ಒಬ್ಬರೇ ಬಯಲು ಸೀಮೆಯ ಸಾಮಾನ್ಯ ಚಿಟ್ಟೆಗಳ ಬಗ್ಗೆ ಅದೇ ಪತ್ರಿಕೆಯಲ್ಲಿ ಸರಣಿ ಶುರು ಮಾಡಿದರು. ಅದು ಮುಗಿದಿದ್ದು 1927ರಲ್ಲಿ. ಹದಿನೆಂಟು ವರ್ಷ! ನಾವು ಅಸೈನ್‌ಮೆಂಟನ್ನ ಹದಿನೆಂಟು ಗಂಟೆ ಮಾಡಿದ್ರೆ ಸುಸ್ತಾಗ್ತೀವಿ. ಇರುವೆಗಳಿಗೂ ಕೆಲವು ಸಣ್ಣ ನೀಲಿ ಚಿಟ್ಟೆಗಳ ಮರಿಗಳಿಗೂ ಇರುವ ನಂಟನ್ನ ಅವರು ಬಿಡದೆ ನೋಡಿದರು. ಮರಿಯ ಬೆನ್ನಿನಿಂದ ಸಿಹಿ ರಸ ಬರುತ್ತೆ, ಇರುವೆ ಅದನ್ನ ಕುಡಿದು ಮರಿಯನ್ನ ಕಾಯುತ್ತೆ. ಜೀರುಂಡೆ, ಗಿಡಗಳನ್ನೂ ಬಿಡಲಿಲ್ಲ. ಅವರು ಕೂಡಿಸಿದ ಕೀಟಗಳು ಇವತ್ತಿಗೂ ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಕೆನರಾ ಅನ್ನೋ ಚೀಟಿ ಹೊತ್ತು ಕೂತಿವೆ.

ಇಷ್ಟು ಹೇಳಿ ಬೆಲ್ ಮಹಾತ್ಮ ಅಂತ ಮುಗಿಸಿದ್ರೆ ನಾವು ಸುಳ್ಳು ಹೇಳಿದ ಹಾಗೆ. ಅವರಿಗೆ ಸಂಬಳ ಕೊಡ್ತಿದ್ದದ್ದು ಹುಳ ಸಾಕೋಕಲ್ಲ. ಬ್ರಿಟಿಷರಿಗೆ ನಮ್ಮ ಕಾಡು ಬೇಕಾಗಿದ್ದು ಸಾಗವಾನಿಗೆ. ಕಾಡಿಗೆ ಗಡಿ ಹಾಕಿ, ಕುಮರಿ ಬೇಸಾಯ ಮಾಡ್ತಿದ್ದವರನ್ನ ಹೊರಗಿಟ್ಟು, ಸೊಪ್ಪು ಸೌದೆಗೂ ಜನ ಕೈಕಟ್ಟಿ ನಿಲ್ಲುವ ಹಾಗೆ ಮಾಡಿದ ಇಲಾಖೆ ಅದು. ದಾಂಡೇಲಿಗೆ ರೈಲು ಹಳಿ ಬಂದದ್ದೂ ಮರ ಸಾಗಿಸಲಿಕ್ಕೇ. ಬೆಲ್ ಆ ಇಲಾಖೆಯಲ್ಲಿ ಮೇಲಿನ ಹುದ್ದೆಗೆ ಏರಿದವರು. ಒಂದು ಮರ ಕಡಿದರೆ ಎಷ್ಟು ಹುಳದ ಊಟ ಹೋಗುತ್ತೆ ಅನ್ನೋದು ಇಡೀ ಇಲಾಖೆಯಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಅವರಿಗೇ ಗೊತ್ತಿರಬೇಕು. ಇನ್ನೊಂದು ಮಾತು. ಚಿಟ್ಟೆಯ ಲೇಖನದ ಮೇಲೆ ಇರೋದು ಮೂರು ಹೆಸರು, ಮೂರೂ ಸಾಹೇಬರದು. ಡೇರೆ ಹೊತ್ತವರು, ಕಾಡಲ್ಲಿ ದಾರಿ ತೋರಿಸಿದವರು ನಮ್ಮೂರವರೇ ಆಗಿದ್ದರೂ ಅವರ ಹೆಸರು ಆ ಸಾಲಿನಲ್ಲಿಲ್ಲ.

ನಮ್ಮಲ್ಲೇ ಈ ವಿಷಯಕ್ಕೆ ಒಮ್ಮತ ಇಲ್ಲ. ಒಬ್ಬನ ಪ್ರಕಾರ ಕಾಡು ಕಿತ್ತುಕೊಂಡ ಇಲಾಖೆಯ ಸಾಹೇಬನ ಬಗ್ಗೆ ಕನ್ನಡ ಕ್ಲಬ್ಬಿನ ಪತ್ರಿಕೆಯಲ್ಲಿ ಬರೆಯೋದೇ ಬೇಡ. ಉಳಿದ ಇಬ್ಬರಿಗೆ, ಬೈದು ಆದರೂ ಬರೀಬೇಕು ಅನ್ನಿಸ್ತು. ಹಾಗಾಗಿ ಎರಡೂ ಮಾಡಿದ್ದೀವಿ.

1920ರ ಸುಮಾರಿಗೆ ಬೆಲ್ ರಿಟೈರ್ ಆದರು. ಅವರಂಥವರು ಸಾಮಾನ್ಯವಾಗಿ ಹಡಗು ಹತ್ತಿ ಊರಿಗೆ ಹೋಗ್ತಿದ್ದರು. ಇವರು ಹೋಗಲಿಲ್ಲ, ಕಾರವಾರದಲ್ಲೇ ಉಳಿದರು. 1930ರಲ್ಲಿ ಪಕ್ಕದ ಅಂಕೋಲೆಯಲ್ಲಿ ಜನ ಉಪ್ಪಿನ ಸತ್ಯಾಗ್ರಹ ಮಾಡಿದರು. ಉಪ್ಪಿನ ಇಲಾಖೆ ಅಂದ್ರೆ ನೆನಪಿದೆಯಲ್ಲ, ಗೆಳೆಯ ಏಟ್ಕನ್ ಕೆಲಸ ಮಾಡಿದ್ದ ಇಲಾಖೆ. ಜಿಲ್ಲೆಯಲ್ಲಿ ಅರಣ್ಯ ಸತ್ಯಾಗ್ರಹವೂ ನಡೀತು. ಆ ಗಲಾಟೆಯ ವರ್ಷಗಳಲ್ಲಿ ಈ ಮುದುಕರು ಪತಂಗಗಳ ಪುಸ್ತಕದ ಕೆಲಸದಲ್ಲಿದ್ದರು. ಅದು ಅಚ್ಚಾಗಿ ಬಂದಾಗ ಅವರಿಗೆ 74 ವರ್ಷ. ಅದರಲ್ಲೂ ರೆಕ್ಕೆಯ ವರ್ಣನೆಗೆ ನಿಲ್ಲಿಸಲಿಲ್ಲ, ಹುಳ, ಕೋಶ, ಆಹಾರದ ಗಿಡ ಎಲ್ಲವನ್ನೂ ಸೇರಿಸಿದರು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಕಾರವಾರದಲ್ಲೇ ತೀರಿಕೊಂಡರು.

ದಸರಾ ರಜೆಯಲ್ಲಿ ಅದೇ ನಂದಿಬಟ್ಟಲಲ್ಲಿ ಇನ್ನೊಂದು ಹುಳ ಸಿಕ್ತು, ಈ ಸಲ ಉಗುರಿನಷ್ಟು ಸಣ್ಣದು. ಅಜ್ಜಿ ಕಿತ್ತು ಒಗೀರಿ ಅಂದ್ರು, ದೇವರ ಪೂಜೆಗೆ ಹೂ ಬೇಕಲ್ಲ. ಒಂದೇ ಒಂದು ಹುಳ ಅಂತ ಒಪ್ಪಿಸಿದ್ವಿ. ಡೈರಿ ಇಟ್ವಿ, ದಿನಾ ಸ್ಕೇಲ್ ಹಿಡಿದು ಉದ್ದ ಬರೆದ್ವಿ. ಫೋಟೋ ದಿನಕ್ಕೆ ಒಂದೇ. ಮೈ ಕಂದಾದ ದಿನ ಬಕೆಟ್ಟಿಗೆ ಹಿತ್ತಲ ಮಣ್ಣು, ಮೇಲೆ ಒಣಗಿದ ಎಲೆ ಹಾಕಿ ಅದರಲ್ಲಿ ಬಿಟ್ವಿ, ಬಾಯಿಗೆ ಹಳೇ ಸೊಳ್ಳೆಪರದೆ ಕಟ್ಟಿದ್ವಿ. ಒಂದು ಗಳಿಗೆಯಲ್ಲಿ ಎಲೆಯ ಅಡಿಗೆ ಹೋಗಿ ಮಾಯ.

ನಮಗೆ ಕಾಲೇಜು ಶುರುವಾಯ್ತು, ಬಕೆಟ್ ಅಜ್ಜಿಯ ಪಾಲಿಗೆ ಬಂತು. ಎರಡು ವಾರ ಕಳೆದ ಮೇಲೆ ಒಂದು ರಾತ್ರಿ ಅಜ್ಜಿಯ ಫೋನ್. ಬಕೆಟ್ಟಲ್ಲಿ ಮಿಲಿಟರಿ ಬಟ್ಟೆ ಹಾಕ್ಕೊಂಡ ಹಾಗಿರೋ ಒಂದು ಪತಂಗ ಕೂತಿದೆ, ಹಸಿರು, ನಡುನಡುವೆ ಗುಲಾಬಿ ಬಣ್ಣ, ರೆಕ್ಕೆ ನಡುಗಿಸ್ತಾ ಇದೆ ಅಂದ್ರು. ಬಿಡಬೇಡಿ ಅಜ್ಜಿ, ಫೋಟೋ ತೆಗೀಬೇಕು ಅಂತ ನಾವು ಹೇಳೋದರೊಳಗೆ ಅವರು ಪರದೆ ಬಿಚ್ಚಿ ಆಗಿತ್ತು.