ಡೆಪ್ಯುಟಿ ಚನ್ನಬಸಪ್ಪನವರು

ನಮ್ಮ ಶಾಲೆಯಿಂದ ಹೊರಟು ಕಾಲೇಜನ್ನು ಸೇರಿದ ಕನ್ಯೆಯರಲ್ಲಿ ಹಲವರು ಓದಿದುದೊಂದು, ಕೈಕೊಂಡ ಉದ್ಯೋಗವು ಮತ್ತೊಂದು ಆಯಿತೆಂದು ತಾಯಿತಂದೆಗಳು ವ್ಯಸನಪಡುವುದನ್ನು ನಾವು ಕಂಡಿದ್ದೇವೆ. ವೆಚ್ಚಮಾಡಿದ ಹಣವೂ ಕಳೆದ ವರುಷಗಳೂ ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದಂತಾದುವೆಂದು ಅವರ ಅಳಲು. ಅಂಥವರಿಗೆ ಸಮಾಧಾನವಾದೀತೆಂದು, ನಮ್ಮ ಜಿಲ್ಲೆಯಲ್ಲಿಯೇ ದುಡಿದ ಮಹನೀಯರೊಬ್ಬರ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಚನ್ನಬಸಪ್ಪನವರು 1834 ರಲ್ಲಿ ಧಾರವಾಡದಲ್ಲಿ ಜನಿಸಿದರು. ಪುಣೆಗೆ ಹೋಗಿ ಇಂಜಿನಿಯರಿಂಗ್ ವಿದ್ಯೆಯನ್ನು ಅಭ್ಯಸಿಸಿದರು. ಸರಕಾರವು ರಸ್ತೆ, ಸೇತುವೆಗಳನ್ನು ಕಟ್ಟಿಸುತ್ತಿದ್ದ ಆ ಕಾಲದಲ್ಲಿ ಅಂಥ ವಿದ್ಯೆಗೆ ಒಳ್ಳೆಯ ಬೆಲೆಯಿದ್ದಿತು. ಆದರೆ ಅವರ ಆಯುಷ್ಯವು ಸವೆದುದು ವಿದ್ಯಾ ಇಲಾಖೆಯಲ್ಲಿ. ಶಿಕ್ಷಕರನ್ನು ತಯಾರಿಸುವ ಧಾರವಾಡದ ನಾರ್ಮಲ್ ಶಾಲೆಯ ಮುಖ್ಯಾಧ್ಯಾಪಕರಾಗಿದ್ದು, ಅನಂತರ ಡೆಪ್ಯುಟಿ ಇನ್‌ಸ್ಪೆಕ್ಟರರಾದರು. ಹುದ್ದೆಯ ಹೆಸರೇ ಅವರ ಹೆಸರಿಗೆ ಅಂಟಿಕೊಂಡಿತು.

ಆಗಿನ ಬೆಳಗಾಂವಿ ಜಿಲ್ಲೆಯ ಸ್ಥಿತಿಯನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಬೇಕು. 1818 ರಲ್ಲಿ ಪೇಶವೆಯರ ಆಳಿಕೆಯು ಮುಗಿದಿದ್ದರೂ ಕಚೇರಿಯ ಲೆಕ್ಕಪತ್ರಗಳಲ್ಲಿ ಮರಾಠಿಯೂ ಮೋಡಿ ಲಿಪಿಯೂ ಬೇರೂರಿದ್ದುವು. ಸಾಲೆಗಳೂ ಅದೇ ದಾರಿಯನ್ನು ಹಿಡಿದಿದ್ದುವು. ಹೀಗಾಗಿ ಚಿಕ್ಕೋಡಿ, ಅಥಣಿ ಕಡೆಯ ಹಳ್ಳಿಯ ಕೂಸು ತಾಯಿಯ ಮಡಿಲಲ್ಲಿ ಕಲಿತ ಕನ್ನಡವನ್ನು ಸಾಲೆಯ ಹೊಸ್ತಿಲಲ್ಲಿಯೇ ಬಿಟ್ಟು ಒಳಗೆ ಹೋಗಬೇಕಾಗಿತ್ತು. ಅಕ್ಷರದ ಭಾರದ ಮೇಲೆ ಅರಿಯದ ಭಾಷೆಯ ಭಾರ. ಎಷ್ಟು ಮಕ್ಕಳು ಹಿಂದಿರುಗಿ ದನಕಾಯಲು ಹೋದವೋ ಬಲ್ಲವರಾರು! ಮರಾಠಿಯೂ ನಮ್ಮ ನೆರೆಯ ಸಹೋದರಿಯೇ. ನಿಪ್ಪಾಣಿಯ ಅನೇಕ ಮನೆಗಳಲ್ಲಿ ಅದೇ ತಾಯ್ನುಡಿ. ಕನ್ನಡದ ಮನೆಯ ಮಗುವಿಗೆ ಕನ್ನಡದ ಪಾಠವು ದೊರೆಯದಿದ್ದುದೇ ಅನ್ಯಾಯವು.

ಚನ್ನಬಸಪ್ಪನವರು ಈ ಅನ್ಯಾಯದ ಬುಡವನ್ನು ಕಂಡರು. ಕನ್ನಡ ಸಾಲೆ ಬೇಕೆಂದರೆ ಸಾಲದು. ಕನ್ನಡದಲ್ಲಿ ಕಲಿಸಬಲ್ಲ ಶಿಕ್ಷಕರು ಬೇಕು, ಅವರ ಕೈಗೆ ಪುಸ್ತಕಗಳು ಬೇಕು. ಕಟ್ಟಡ ಕಟ್ಟುವವನು ಮೊದಲು ತಳಪಾಯವನ್ನು ನೋಡುವಂತೆ ಅವರು ಶಿಕ್ಷಕರನ್ನು ಸಿದ್ಧಗೊಳಿಸಿದರು. ಪುಸ್ತಕ ಬರೆಯಬಲ್ಲವರನ್ನು ಹುರಿದುಂಬಿಸಿದರು. ಮೇಲಧಿಕಾರಿಗಳಾದ ರಸೆಲ್ ಸಾಹೇಬರ ಬೆಂಬಲವೂ ಒದಗಿ, ಜಿಲ್ಲೆಯಲ್ಲಿ ಕನ್ನಡ ಸಾಲೆಗಳು ತಲೆಯೆತ್ತಿದುವು. ಸ್ವತಃ ಲೇಖನಿಯನ್ನು ಹಿಡಿದು, ಶೇಕ್ಸ್‌ಪಿಯರ್ ಮಹಾಕವಿಯ ಒಂದು ವಿನೋದ ನಾಟಕವನ್ನು ಕನ್ನಡಕ್ಕೆ ತಂದರು.

ಐವತ್ತು ವರುಷಗಳು ತುಂಬುವ ಮೊದಲೇ, 1881 ರಲ್ಲಿ, ಅವರು ಕಾಲವಶರಾದರು. ಅವರು ಸೇತುವೆಗಳನ್ನು ಕಟ್ಟುತ್ತಲಿದ್ದರೆ ಅವುಗಳಲ್ಲಿ ಎಷ್ಟು ಇಂದಿಗೆ ಉಳಿಯುತ್ತಿದ್ದುವೋ ಹೇಳಲಾರೆವು. ಅವರು ಬೆಳೆಯಿಸಿದ ಕನ್ನಡ ಪಾಠವಂತೂ ಇಂದಿಗೂ ನಡೆದಿದೆ; ಈ ಸಂಚಿಕೆಯನ್ನು ನಾವು ಕನ್ನಡದಲ್ಲಿ ಬರೆಯುವುದೂ ನೀವು ಓದುವುದೂ ಅದರ ಫಲವೇ ಆಗಿದೆ.

ಪ್ರಿಯ ಭಗಿನಿಯರೇ, ದೇವರು ಕೊಟ್ಟ ತಲಾಂತನ್ನು ಹೂಳಿಟ್ಟವನೇ ತಪ್ಪಿತಸ್ಥನು, ಬೇರೆ ಪೇಟೆಯಲ್ಲಿ ವ್ಯಾಪಾರಕ್ಕೆ ಹಾಕಿದವನಲ್ಲ. ಕಲಿತ ವಿದ್ಯೆಯು ಯಾವ ಹೊಲಕ್ಕೆ ನೀರಾಗಿ ಹರಿದರೂ ಬೆಳೆಯು ಬೆಳೆಯೇ. ಆದುದರಿಂದ ನಿಮ್ಮ ಮಗಳು ಹಿಡಿದ ದಾರಿಯು ಅವಳ ಪದವಿಪತ್ರದಲ್ಲಿ ಇಲ್ಲವೆಂದು ಕೊರಗದೆ, ಅಲ್ಲಿ ಅವಳ ದುಡಿಮೆಯಿಂದ ಯಾರ ಭಾರವು ಇಳಿಯಿತೆಂಬುದನ್ನು ಮಾತ್ರ ವಿಚಾರಿಸಿರಿ ಎಂದು ನಮ್ಮ ಬಿನ್ನಹ.